ಊಟಿಯಲ್ಲಿ ಹಿಮ ಬೀಳಬೇಕಾದರೆ ಏನೇನು ಕೂಡಿಬರಬೇಕು?

ಹಿಂಗಾರು ಮುಗಿದು ನೀಲಗಿರಿಯ ಆಕಾಶ ತಿಳಿಯಾಗುತ್ತಿದ್ದಂತೆ ಹವಾಮಾನದ ಬೆನ್ನು ಹತ್ತಿದವರ ಮಾತುಕತೆಗೆ ವಿಷಯ ಒಂದೇ ಆಗಿಬಿಡುತ್ತದೆ. ಉದಕಮಂಡಲದಲ್ಲಿ ಇಂದು ಬೆಳಿಗ್ಗೆ ಎಷ್ಟು ಡಿಗ್ರಿ, ತಲೈಕುಂದದ ಹುಲ್ಲು ಬೆಳ್ಳಗಾಯಿತೇ, ಕಾಂದಲ್ ಕಡೆ ರಾತ್ರಿ ನಿಲ್ಲಿಸಿದ್ದ ಕಾರುಗಳ ಮೇಲೆ ಏನಾದರೂ ಕೂತಿದೆಯೇ ಎಂದು ವಿಚಾರಿಸುವವರು ಬೆಟ್ಟದ ಮೇಲಷ್ಟೇ ಅಲ್ಲ, ತಾಳವಾಡಿಯಲ್ಲೂ ಇದ್ದಾರೆ, ಕೆಳಗೆ ಗುಂಡ್ಲುಪೇಟೆಯಲ್ಲೂ ಇದ್ದಾರೆ. ಉಷ್ಣಾಂಶ ಸೊನ್ನೆಯ ಹತ್ತಿರ ಬಂದ ದಿನ ಅವರಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: ಈ ಸಲವಾದರೂ ಊಟಿಯಲ್ಲಿ ನಿಜವಾದ ಹಿಮ ಬಿದ್ದೀತೇ?

ಇದು ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ. ಊಟಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ, ಪಕ್ಕದ ದೊಡ್ಡಬೆಟ್ಟದ ಎತ್ತರ 2,637 ಮೀಟರ್. ಪ್ರತಿ ವರ್ಷ ಹಿಮ ಕಾಣುವ ಶಿಮ್ಲಾ ಕೂಡ ಇರುವುದು ಹೆಚ್ಚುಕಡಿಮೆ 2,200 ಮೀಟರ್ ಎತ್ತರದಲ್ಲೇ. ಎತ್ತರ ಅಷ್ಟೇ ಇದೆ, ಡಿಸೆಂಬರ್–ಜನವರಿಯ ಬೆಳಗಿನಲ್ಲಿ ನೆಲ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಮತ್ತೆ ಅಡ್ಡಿ ಯಾವುದು? ಊಟಿಯ ಚಳಿ ನೆಲದಲ್ಲಿ ಹುಟ್ಟುವ ಚಳಿ. ಹಿಮಕ್ಕೆ ಬೇಕಾದದ್ದು ಆಕಾಶದ ಎತ್ತರದಲ್ಲೇ ಹುಟ್ಟಿ ಕೆಳಗಿನವರೆಗೂ ಉಳಿದು ಬರುವ ಚಳಿ. ಇವೆರಡರ ವ್ಯತ್ಯಾಸ ತಿಳಿದರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ನೆಲದ ಚಳಿಯನ್ನೇ ನೋಡೋಣ. ಹಗಲಿಡೀ ಬಿಸಿಲು ಕುಡಿದ ನೆಲ ಸಂಜೆಯಾಗುತ್ತಲೇ ಆ ಶಾಖವನ್ನು ಅವಕೆಂಪು ಕಿರಣಗಳ ರೂಪದಲ್ಲಿ ಮೇಲಕ್ಕೆ ಬಿಟ್ಟುಕೊಡತೊಡಗುತ್ತದೆ. ಮೇಲೆ ಮೋಡವಿದ್ದರೆ ಅದು ಆ ಶಾಖವನ್ನು ಹೀರಿ ಒಂದಷ್ಟನ್ನು ಮರಳಿ ನೆಲಕ್ಕೆ ಕಳಿಸುತ್ತದೆ. ಗಾಳಿಯಲ್ಲಿರುವ ನೀರಾವಿಯೂ ಅದೇ ಕೆಲಸ ಮಾಡುತ್ತದೆ. ಮೋಡವಿಲ್ಲದ, ಗಾಳಿ ಒಣಗಿರುವ ರಾತ್ರಿಯಲ್ಲಿ ಮರಳಿ ಬರುವುದು ಬಹಳ ಕಡಿಮೆ. ಹೀಗೆ ಎಲ್ಲರಿಗಿಂತ ಮೊದಲು ತಣ್ಣಗಾಗುವುದು ನೆಲ, ಹುಲ್ಲು, ಎಲೆ, ಕಾರಿನ ಛಾವಣಿ. ಅವುಗಳಿಗೆ ಅಂಟಿಕೊಂಡ ತೆಳುವಾದ ಗಾಳಿಯ ಪದರ ಆಮೇಲೆ ತಣ್ಣಗಾಗುತ್ತದೆ. ಅದರ ಮೇಲಿನ ಗಾಳಿಗೆ ಇದರ ಸುದ್ದಿಯೇ ಇರುವುದಿಲ್ಲ. ಹವಾಮಾನ ಇಲಾಖೆಯ ಥರ್ಮಾಮೀಟರು ಇರುವುದು ನೆಲದಿಂದ ಒಂದೂಕಾಲು ಮೀಟರ್ ಎತ್ತರದ ಬಿಳಿ ಪೆಟ್ಟಿಗೆಯೊಳಗೆ. ಅದು 3 ಡಿಗ್ರಿ ತೋರಿಸುತ್ತಿರುವಾಗಲೇ ಕೆಳಗಿನ ಹುಲ್ಲಿನ ತುದಿ ಸೊನ್ನೆಗಿಂತ ಕೆಳಗೆ ಇಳಿದಿರಬಹುದು. ಒಂದೇ ಬೆಳಿಗ್ಗೆಯ ಬಗ್ಗೆ ಒಬ್ಬರು ‘ಮೂರು ಡಿಗ್ರಿ’ ಎಂದರೆ ಇನ್ನೊಬ್ಬರು ‘ಮೈನಸ್ ಎರಡು’ ಎನ್ನುವುದು ಇದರಿಂದಲೇ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅಳೆದ ಎತ್ತರ ಬೇರೆ.

ತಣ್ಣನೆಯ ಗಾಳಿ ಭಾರ. ಅದು ನೀರಿನಂತೆ ಇಳಿಜಾರು ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ತಲೈಕುಂದ, ಸ್ಯಾಂಡಿನಲ್ಲಾ ಜಲಾಶಯದ ಸುತ್ತಲಿನ ಬಯಲು, ಕಾಂದಲ್ ಇವೆಲ್ಲ ಪ್ರತಿ ಚಳಿಗಾಲದಲ್ಲೂ ಸುದ್ದಿಯಾಗುವುದಕ್ಕೆ ಅವುಗಳ ಎತ್ತರಕ್ಕಿಂತ ತಗ್ಗೇ ಕಾರಣ. ಅಂಥ ರಾತ್ರಿಗಳಲ್ಲಿ ಬಟ್ಟಲಿನಾಕಾರದ ತಗ್ಗು ಅದರ ಮೇಲಿನ ಗುಡ್ಡದ ತುದಿಗಿಂತ ತಣ್ಣಗಿರುವುದು ಸಾಮಾನ್ಯ. ಎತ್ತರಕ್ಕೆ ಹೋದಷ್ಟೂ ಚಳಿ ಹೆಚ್ಚುತ್ತದೆ ಎಂಬ ಶಾಲೆಯ ಪಾಠ ಈ ಕೆಲವು ತಾಸುಗಳ ಮಟ್ಟಿಗೆ ತಲೆಕೆಳಗಾಗಿರುತ್ತದೆ. ಚಳಿ ನೆಲದ್ದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹಿಮ ತರುವ ಚಳಿಯಾಗಿದ್ದರೆ ಮೊದಲು ಬೆಳ್ಳಗಾಗಬೇಕಾದದ್ದು ದೊಡ್ಡಬೆಟ್ಟದ ನೆತ್ತಿ.

ಈ ತಗ್ಗಿನ ಚಳಿ ನೀಲಗಿರಿಯ ರೂಪವನ್ನೇ ತಿದ್ದಿದೆ ಎಂದು ನಂಬುವ ಸಸ್ಯವಿಜ್ಞಾನಿಗಳಿದ್ದಾರೆ. ಮೇಲಿನ ಬೆಟ್ಟಗಳಲ್ಲಿ ಶೋಲಾ ಕಾಡು ಮತ್ತು ಹುಲ್ಲುಗಾವಲು ತುಂಡುತುಂಡಾಗಿ, ನಡುವೆ ಗೆರೆ ಎಳೆದು ಬೇರೆ ಮಾಡಿದ ಹಾಗೆ ಏಕಿವೆ ಎಂಬುದಕ್ಕೆ ಅವರು ಕೊಡುವ ಕಾರಣಗಳಲ್ಲಿ ಇದೂ ಒಂದು. ಬಯಲಿಗೆ ಬಿದ್ದ ಶೋಲಾ ಮರದ ಬೀಜ ಮೊಳೆತರೂ ಎಳೆಯ ಸಸಿ ಜನವರಿಯ ರಾತ್ರಿಗಳನ್ನು ದಾಟುವುದಿಲ್ಲ, ಹುಲ್ಲು ದಾಟುತ್ತದೆ. ಬೆಂಕಿ, ಮೇವು, ಮಣ್ಣು ಎಂದು ಬೇರೆ ಕಾರಣಗಳನ್ನು ಮುಂದಿಡುವವರೂ ಇದ್ದಾರೆ. ಈ ಚರ್ಚೆ ಬಹಳ ಹಳೆಯದು, ಇನ್ನೂ ಮುಗಿದಿಲ್ಲ. ಹುಲ್ಲುಗಾವಲಿನ ನಡುವೆ ನಿಂತು ಕಾಡಿನ ಅಂಚನ್ನು ನೋಡಿದರೆ ನನಗಂತೂ ಚಳಿಯ ಕೈವಾಡವನ್ನು ಅಲ್ಲಗಳೆಯಲು ಮನಸ್ಸು ಬರುವುದಿಲ್ಲ.

ಹಾಗಾದರೆ ಬೆಳಿಗ್ಗೆ ಕಾಣುವ ಆ ಬಿಳುಪು ಏನು? ಇಲ್ಲಿನ ತೋಟದವರು ಅದನ್ನು ಫ್ರಾಸ್ಟ್ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಅದು ಮೇಲಿನಿಂದ ಬಿದ್ದದ್ದಲ್ಲ, ಇದ್ದಲ್ಲೇ ಬೆಳೆದದ್ದು. ಸೊನ್ನೆಗಿಂತ ತಣ್ಣಗಿರುವ ಎಲೆಗೆ ತಾಗಿದ ನೀರಾವಿ ನೀರಾಗದೆ ನೇರವಾಗಿ ಹರಳಾಗಿ ಕೂರುತ್ತದೆ. ಕೋಸಿನ ಎಲೆಯೊಂದನ್ನು ಹತ್ತಿರದಿಂದ ನೋಡಿ. ಎಲೆಯ ನಡುವೆ ತೆಳುವಾದ ಬಿಳಿ ಪುಡಿ, ಅಂಚಿನಲ್ಲಿ ಮಾತ್ರ ಒಂದೆರಡು ಮಿಲಿಮೀಟರ್ ಉದ್ದದ ಸೂಜಿಗಳು ಸಾಲಾಗಿ ಹೊರಕ್ಕೆ ಚಾಚಿರುತ್ತವೆ. ನರಗಳ ಮೇಲೆ ದಟ್ಟವಾಗಿ, ನರಗಳ ನಡುವಿನ ಗುಳಿಯಲ್ಲಿ ವಿರಳವಾಗಿ ಕೂತಿರುತ್ತದೆ. ಎಲೆಯನ್ನು ಮಗುಚಿದರೆ ಕೆಳಗೆ ಹಸಿರೇ. ಆಕಾಶಕ್ಕೆ ಮುಖ ಮಾಡಿದ ಭಾಗ ಮಾತ್ರ ಶಾಖ ಕಳೆದುಕೊಂಡಿದೆ. ಕಾರಿನ ಛಾವಣಿ ಬೆಳ್ಳಗಿದ್ದು ಬಾಗಿಲು ಹಾಗೇ ಇರುವುದಕ್ಕೂ, ಮರದ ಕೆಳಗಿನ ಹುಲ್ಲು ಹಸಿರಾಗಿ ಉಳಿಯುವುದಕ್ಕೂ ಕಾರಣ ಇದೇ. ಡಾಂಬರು ರಸ್ತೆ ಹಗಲಿನ ಶಾಖವನ್ನು ಆಳದವರೆಗೆ ತುಂಬಿಕೊಂಡಿರುತ್ತದೆ. ಆದ್ದರಿಂದ ಇಕ್ಕೆಲದ ಹುಲ್ಲು ಬೆಳ್ಳಗಿದ್ದರೂ ರಸ್ತೆ ಕಪ್ಪಾಗಿಯೇ ಇರುತ್ತದೆ. ಮೊಬೈಲಿಗೆ ಬರುವ ‘ಊಟಿಯಲ್ಲಿ ಹಿಮಪಾತ’ ಎಂಬ ವಿಡಿಯೊಗಳಲ್ಲಿ ಮೊದಲು ರಸ್ತೆಯನ್ನು ನೋಡಿ, ಆಮೇಲೆ ಕಾರಿನ ಬಾಗಿಲು ನೋಡಿ. ಉತ್ತರ ಅಲ್ಲೇ ಸಿಗುತ್ತದೆ.

ಈಗ ಮೇಲಕ್ಕೆ ಹೋಗೋಣ. ವಿಷಯದ ತಿರುಳು ಇರುವುದು ಅಲ್ಲಿ.

ಬೆಂಗಳೂರು, ಮಂಗಳೂರು, ಚೆನ್ನೈಗಳಂಥ ಕೇಂದ್ರಗಳಿಂದ ಹವಾಮಾನ ಇಲಾಖೆ ಉಪಕರಣ ಕಟ್ಟಿದ ಬಲೂನುಗಳನ್ನು ಹಾರಿಬಿಡುತ್ತದೆ. ಅವು ಮೇಲೇರುತ್ತ ಎತ್ತರ ಎತ್ತರದ ಉಷ್ಣಾಂಶ, ತೇವ, ಗಾಳಿಗಳ ಲೆಕ್ಕ ಕಳಿಸುತ್ತವೆ. ಆಸಕ್ತರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ದಕ್ಷಿಣ ಭಾರತದ ಮೇಲೆ ಚಳಿಗಾಲದಲ್ಲೂ 700 ಹೆಕ್ಟೊಪಾಸ್ಕಲ್ ಒತ್ತಡದ ಮಟ್ಟದಲ್ಲಿ, ಅಂದರೆ ಸುಮಾರು 3,100 ಮೀಟರ್ ಎತ್ತರದಲ್ಲಿ, ಉಷ್ಣಾಂಶ 8–10 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ದೊಡ್ಡಬೆಟ್ಟದ ತುದಿಗಿಂತಲೂ ಸುಮಾರು 450 ಮೀಟರ್ ಮೇಲೆ ಅಷ್ಟು ಬೆಚ್ಚಗಿದೆ! ಸೊನ್ನೆ ಡಿಗ್ರಿ ಸಿಗಬೇಕಾದರೆ 4,500ರಿಂದ 5,000 ಮೀಟರ್ ವರೆಗೆ ಏರಬೇಕು. ಊಟಿಯ ಹುಲ್ಲು ಹೆಪ್ಪುಗಟ್ಟಿದ ರಾತ್ರಿಯಲ್ಲೂ ಈ ಸೊನ್ನೆಯ ಮಟ್ಟ ಅಲ್ಲೇ ಇರುತ್ತದೆ, ನಮ್ಮ ತಲೆಯ ಮೇಲೆ ಎರಡೂವರೆ ಕಿಲೋಮೀಟರ್ ಎತ್ತರದಲ್ಲಿ.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ, ನನಗೆ ತುಂಬ ಇಷ್ಟವಾದ ಒಂದು ಸಂಗತಿಯಿದೆ. ಊಟಿಯ ಮೇಲೆ ಹಿಮ ಬೀಳುತ್ತಲೇ ಇರುತ್ತದೆ! ಎತ್ತರದ ಮಳೆಮೋಡಗಳ ಮೇಲ್ಭಾಗ ಸೊನ್ನೆಗಿಂತ ಬಹಳ ತಣ್ಣಗಿರುತ್ತದೆ. ಅಲ್ಲಿ ಹಿಮದ ಹರಳುಗಳು ಹುಟ್ಟಿ, ಒಂದಕ್ಕೊಂದು ತೊಡರಿ, ಶಿಮ್ಲಾದಲ್ಲಿ ಬೀಳುವಂಥವೇ ಆದ ಚಕ್ಕೆಗಳಾಗಿ ಇಳಿಯುತ್ತವೆ. ಸೊನ್ನೆಯ ಮಟ್ಟ ದಾಟಿ ಕೆಲವು ನೂರು ಮೀಟರ್ ಇಳಿಯುವಷ್ಟರಲ್ಲಿ ಕರಗಿ ಹನಿಯಾಗುತ್ತವೆ. ಹವಾಮಾನದ ರೇಡಾರ್‌ಗಳಲ್ಲಿ ಈ ಕರಗುವ ಪದರ ಒಂದು ಹೊಳೆಯುವ ಪಟ್ಟಿಯಾಗಿ ಕಾಣಿಸುತ್ತದೆ. ಹರಳಿನ ಮೈಗೆ ನೀರಿನ ಲೇಪ ಬಂದಾಗ ಅದು ದೊಡ್ಡ ಹನಿಯ ಹಾಗೆ ರೇಡಾರಿನ ಅಲೆಯನ್ನು ಹಿಂತಿರುಗಿಸುತ್ತದೆ. ಅಂದರೆ ನಮ್ಮ ಕೊಡೆಯ ಮೇಲೆ ಬೀಳುವ ಎಷ್ಟೋ ಮಳೆಹನಿಗಳು ಸ್ವಲ್ಪ ಹೊತ್ತಿನ ಮುಂಚೆ ಹಿಮವೇ ಆಗಿದ್ದವು. ನಮಗೆ ಕೊರತೆಯಿರುವುದು ಹಿಮದ್ದಲ್ಲ, ಅದು ಕರಗದೆ ಇಳಿದು ಬರುವ ದಾರಿಯದು. ಹಿಮ ನೆಲ ಮುಟ್ಟಬೇಕಾದರೆ ಸೊನ್ನೆಯ ಮಟ್ಟ ನೆಲದಿಂದ ಹೆಚ್ಚೆಂದರೆ ಮುನ್ನೂರು ಮೀಟರ್ ಮೇಲಿರಬೇಕು ಎಂಬುದು ಒಂದು ಅಂದಾಜು. ಊಟಿಗೆ ಅದನ್ನು ಅನ್ವಯಿಸಿದರೆ ಆ ಮಟ್ಟ ಸುಮಾರು 2,500 ಮೀಟರಿಗೆ ಇಳಿಯಬೇಕು.

ಇಳಿಯುವುದಿಲ್ಲ ಏಕೆ? ನಮ್ಮಲ್ಲಿ ಚಳಿ ಮತ್ತು ತೇವ ಬರುವ ದಾರಿಗಳೇ ಬೇರೆ, ಒಂದು ಬಂದರೆ ಇನ್ನೊಂದು ಹೊರಡುತ್ತದೆ. ತೇವ ಬರುವುದು ಬಂಗಾಳ ಕೊಲ್ಲಿಯಿಂದ. ಡಿಸೆಂಬರಿನಲ್ಲೂ ಆ ನೀರು 26–28 ಡಿಗ್ರಿ ಬೆಚ್ಚಗಿರುತ್ತದೆ. ಅಲ್ಲಿಂದ ಎದ್ದ ಗಾಳಿ ಮೇಲೇರಿ ಮೋಡವಾಗುವಾಗ ನೀರಾವಿ ಹನಿಗಟ್ಟಿ ತನ್ನೊಳಗಿನ ಶಾಖವನ್ನು ಬಿಡುತ್ತದೆ. ಆ ಶಾಖದಿಂದ ಮೋಡದ ಗಾಳಿ ಬೇಗ ತಣ್ಣಗಾಗುವುದಿಲ್ಲ, ಸೊನ್ನೆಯ ಮಟ್ಟ ಐದು ಸಾವಿರ ಮೀಟರಿನ ಹತ್ತಿರವೇ ನಿಲ್ಲುತ್ತದೆ. ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದ ದಿನಗಳಲ್ಲಿ ಊಟಿಯಲ್ಲಿ ಹಗಲಿಡೀ ಸೂರ್ಯ ಕಾಣುವುದಿಲ್ಲ, ಜಡಿಮಳೆ, ಕೊರೆಯುವ ಗಾಳಿ. ಮಧ್ಯಾಹ್ನವೂ ಸ್ವೆಟರ್ ಬಿಚ್ಚುವ ಹಾಗಿಲ್ಲ. ‘ಇಂಥ ಚಳಿಯಲ್ಲಿ ಮಳೆಯೂ ಬರುತ್ತಿದೆ, ಇನ್ನೊಂದು ಸ್ವಲ್ಪ ತಣ್ಣಗಾದರೆ ಹಿಮವೇ’ ಎಂದು ಆಸೆ ಹುಟ್ಟುವುದು ಆ ದಿನಗಳಲ್ಲೇ. ಆದರೆ ಆಗ ಥರ್ಮಾಮೀಟರು 10 ಡಿಗ್ರಿಯ ಆಚೀಚೆ ಇರುತ್ತದೆ, ರಾತ್ರಿಯೂ ಅಷ್ಟೇನೂ ಇಳಿಯುವುದಿಲ್ಲ. ಮೋಡ ಶಾಖವನ್ನು ಬಿಟ್ಟುಕೊಡುವುದಿಲ್ಲ. ಮೈಗೆ ಆಗುವ ಚಳಿ ಒದ್ದೆಯದ್ದು, ಗಾಳಿಯದ್ದು.

ಇನ್ನೊಂದು ದಾರಿಯಲ್ಲಿ ಬರುವ ಚಳಿಯದ್ದು ತದ್ವಿರುದ್ಧ ಕಥೆ. ಉತ್ತರ ಭಾರತದಲ್ಲಿ ಪಶ್ಚಿಮದ ಹವಾ ಅಡಚಣೆಯೊಂದು, ಅಂದರೆ ಮೆಡಿಟರೇನಿಯನ್ ಕಡೆಯಿಂದ ಮಳೆ, ಹಿಮ ಹೊತ್ತು ಬರುವ ಹವೆಯ ಸುಳಿಯೊಂದು, ಹಾದುಹೋಗಿ ಹಿಮಾಲಯದಲ್ಲಿ ಹಿಮ ಸುರಿಸಿದ ಮೇಲೆ ಅದರ ಬೆನ್ನಿಗೆ ಒಣಗಾಳಿ ದಕ್ಷಿಣಕ್ಕೆ ಬೀಸುತ್ತದೆ. ಬೀದರ್, ಕಲಬುರಗಿ, ವಿಜಯಪುರದ ಕನಿಷ್ಠ ಉಷ್ಣಾಂಶ ಕುಸಿಯುತ್ತದೆ, ಪತ್ರಿಕೆಗಳಲ್ಲಿ ಶೀತಗಾಳಿಯ ಸುದ್ದಿ ಬರುತ್ತದೆ. ಆ ಗಾಳಿ ಸಾವಿರಾರು ಕಿಲೋಮೀಟರ್ ಬಿಸಿಲು ಕಂಡ ನೆಲದ ಮೇಲೆ ಹಾದು, ಮೇಲಿನಿಂದ ಕುಸಿಯುತ್ತ ಇನ್ನಷ್ಟು ಬೆಚ್ಚಗಾಗಿ, ಒಣಗಿ ನೀಲಗಿರಿಗೆ ತಲುಪುತ್ತದೆ. ಅದು ಇಲ್ಲಿಗೆ ಚಳಿಯನ್ನು ಹೊತ್ತು ತರುತ್ತದೆ ಎನ್ನುವುದಕ್ಕಿಂತ ಆಕಾಶವನ್ನು ತೆರೆದುಕೊಡುತ್ತದೆ ಎನ್ನುವುದು ಸರಿ. ಉಳಿದ ಕೆಲಸವನ್ನು ನೆಲವೇ ಮಾಡಿಕೊಳ್ಳುತ್ತದೆ. ಫ್ರಾಸ್ಟ್ ಬಂದ ಬೆಳಿಗ್ಗೆ ಆಕಾಶದಲ್ಲಿ ಒಂದು ಚೂರು ಮೋಡವೂ ಇಲ್ಲದಿರುವುದು ಆಕಸ್ಮಿಕವಲ್ಲ. ಮೋಡವಿದ್ದಿದ್ದರೆ ಫ್ರಾಸ್ಟ್ ಬರುತ್ತಿರಲಿಲ್ಲ. ಮೋಡವಿಲ್ಲದಿದ್ದರೆ ಹಿಮ ಬೀಳುವುದೆಲ್ಲಿಂದ?

ಇನ್ನು ಶಿಮ್ಲಾದ ಮಾತು. ಅದು 31ನೇ ಅಕ್ಷಾಂಶದಲ್ಲಿದೆ, ಊಟಿ ಹನ್ನೊಂದೂವರೆಯ ಹತ್ತಿರ. ಮೆಡಿಟರೇನಿಯನ್ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಅಡಚಣೆಗಳು ಚಳಿಯನ್ನೂ ತೇವವನ್ನೂ ಒಟ್ಟಿಗೇ ತರುತ್ತವೆ. ಅವುಗಳ ಹಾದಿ ನಮ್ಮವರೆಗೆ ಬರುವುದಿಲ್ಲ. ಆದರೆ ಅಕ್ಷಾಂಶವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ ಎಂಬುದಕ್ಕೆ ಮೆಕ್ಸಿಕೊ ನಗರ ಇದೆ. ಅದರ ಎತ್ತರವೂ ಸುಮಾರು 2,240 ಮೀಟರ್, ಹೆಚ್ಚುಕಡಿಮೆ ಊಟಿಯದೇ. ಇರುವುದು 19ನೇ ಅಕ್ಷಾಂಶದಲ್ಲಿ, ನಮ್ಮ ಮುಂಬೈನ ನೇರಕ್ಕೆ. 1967ರ ಜನವರಿಯಲ್ಲಿ ಆ ನಗರದ ಬೀದಿಗಳು ನಿಜವಾದ ಹಿಮದಿಂದ ಮುಚ್ಚಿಹೋಗಿದ್ದವು. ಉತ್ತರ ಅಮೆರಿಕದ ರಾಕಿ ಪರ್ವತಗಳು ಉತ್ತರ–ದಕ್ಷಿಣವಾಗಿ ಹಬ್ಬಿವೆ. ಕೆನಡಾದ ಬಯಲಿನಲ್ಲಿ ಜಮಾಯಿಸಿದ ಶೀತಗಾಳಿ ದಕ್ಷಿಣಕ್ಕೆ ನುಗ್ಗಿದರೆ ತಡೆಯಲು ಅಡ್ಡಗೋಡೆಯೇ ಇಲ್ಲ. ಏಷ್ಯಾದ ಪೂರ್ವದಂಚಿನಲ್ಲೂ ಹೀಗೆಯೇ. ವಿಯೆಟ್ನಾಮಿನ ಸಾ ಪಾ ಎಂಬ ಗಿರಿಧಾಮ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಊಟಿಗಿಂತ ಎಷ್ಟೋ ತಗ್ಗು. ಆದರೂ ಅಲ್ಲಿ ಆಗೊಮ್ಮೆ ಈಗೊಮ್ಮೆ ಹಿಮ ಬೀಳುತ್ತದೆ, 2016ರ ಜನವರಿಯ ಶೀತದಲೆಯಲ್ಲೂ ಬಿತ್ತು. ಸೈಬೀರಿಯದ ಗಾಳಿ ಚೀನಾದ ಮೂಲಕ ಅಲ್ಲಿಗೆ ಇಳಿಯುತ್ತದೆ.

ನಮಗೂ ಆ ಗಾಳಿಗೂ ನಡುವೆ ಸುಮಾರು 2,400 ಕಿಲೋಮೀಟರ್ ಉದ್ದದ ಹಿಮಾಲಯ ಪೂರ್ವ–ಪಶ್ಚಿಮವಾಗಿ ನಿಂತಿದೆ. ಬೆಂಗಳೂರಿನ ಸಾರ್ವಕಾಲಿಕ ಕನಿಷ್ಠ ಉಷ್ಣಾಂಶ 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿ. 900 ಮೀಟರಿಗಿಂತ ಎತ್ತರದ ಊರಿನಲ್ಲಿ ಅಷ್ಟು ವರ್ಷಗಳ ದಾಖಲೆಯಲ್ಲಿ ಇಷ್ಟೇ. ಈ ಗೋಡೆಯ ಬೆಲೆ ಆ ಒಂದು ಅಂಕಿಯಲ್ಲಿ ಕಾಣುತ್ತದೆ.

ಹಿಮಯುಗದಲ್ಲಾದರೂ ಇಲ್ಲಿ ಹಿಮ ಇತ್ತೇ ಎಂದು ಕೇಳುವವರಿದ್ದಾರೆ, ಒಳ್ಳೆಯ ಪ್ರಶ್ನೆ. ನೀಲಗಿರಿಯ ಜೌಗಿನ ಕಪ್ಪು ಮಣ್ಣನ್ನು ಬಗೆದು ವಿಜ್ಞಾನಿಗಳು ಕಳೆದ ಇಪ್ಪತ್ತು ಸಾವಿರ ವರ್ಷಗಳಲ್ಲಿ ಇಲ್ಲಿನ ಹುಲ್ಲು, ಗಿಡಮರಗಳು ಹೇಗೆ ಬದಲಾದವು ಎಂದು ಓದಿದ್ದಾರೆ. ಆಗ ಇಲ್ಲಿನ ಹವೆ ಬೇರೆಯೇ ಇತ್ತು. ಆದರೆ ಉಷ್ಣವಲಯದ ಪರ್ವತಗಳಲ್ಲಿ ಹಿಮರೇಖೆ ಆ ಕಾಲದಲ್ಲಿ ಇಳಿದದ್ದು ಸುಮಾರು ಒಂದು ಸಾವಿರ ಮೀಟರ್ ಎಂಬ ಅಂದಾಜಿದೆ. ಇಂದಿನ ಸೊನ್ನೆಯ ಮಟ್ಟ ಸುಮಾರು 4,700 ಮೀಟರ್ ಎಂದಿಟ್ಟುಕೊಂಡು ಸಾವಿರ ಕಳೆದರೂ 3,700 ಉಳಿಯಿತು. ದೊಡ್ಡಬೆಟ್ಟ ಇನ್ನೂ ಸಾವಿರ ಮೀಟರ್ ಕೆಳಗೆ. ಒಂದೊಂದು ವರ್ಷ ಬಿದ್ದಿದ್ದರೂ ಬಿದ್ದಿರಬಹುದು, ನಿಂತ ಹಿಮದ ಮಾತಂತೂ ಕಷ್ಟ.

ಇಷ್ಟಾದ ಮೇಲೂ ಕಾಯುತ್ತೇವೆ ಎನ್ನುವವರು ಕನಿಷ್ಠ ಉಷ್ಣಾಂಶದ ಬೆನ್ನು ಬಿಟ್ಟು ಮೇಲಿನ ಅಂಕಿಗಳನ್ನು ನೋಡಬೇಕು. 700 ಹೆಕ್ಟೊಪಾಸ್ಕಲ್ ಮಟ್ಟದ ಉಷ್ಣಾಂಶ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗೆ ಬಂದು, ಅದೇ ಹೊತ್ತಿಗೆ ಮೋಡ ಕಟ್ಟಿದರೆ ಊಟಿಗೆ ಹಿಮದ ಮಾತಾಡಬಹುದು. ಆ ಎತ್ತರದ ಗಾಳಿ ಇಡೀ ಚಳಿಗಾಲದಲ್ಲಿ ಕೆಲವೇ ಡಿಗ್ರಿಗಳೊಳಗೆ ಏರಿಳಿಯುವಂಥದ್ದು. ಈಗ ಬೇಕಾಗಿರುವುದು ಹತ್ತು ಡಿಗ್ರಿಗೂ ಮೀರಿದ ಕುಸಿತ. ಬ್ರಿಟನ್, ಅಮೆರಿಕದ ಆಸಕ್ತರು 1000 ಮತ್ತು 500 ಹೆಕ್ಟೊಪಾಸ್ಕಲ್ ಮಟ್ಟಗಳ ನಡುವಿನ ಗಾಳಿಯ ದಪ್ಪವನ್ನು ನೋಡುತ್ತಾರೆ. ತಣ್ಣನೆಯ ಗಾಳಿ ಕುಗ್ಗುತ್ತದೆ, ಆದ್ದರಿಂದ ದಪ್ಪ ಕಡಿಮೆಯಾದಷ್ಟೂ ಹಿಮದ ಸಾಧ್ಯತೆ ಹೆಚ್ಚು. ತಗ್ಗಿನ ನಾಡುಗಳಲ್ಲಿ ಅವರು ಕಾಯುವುದು 5,400 ಮೀಟರಿನ ಗೆರೆಗೆ. ನಮ್ಮ ಮೇಲೆ ಜನವರಿಯಲ್ಲೂ ಅದು 5,700 ದಾಟಿರುತ್ತದೆ. ಬೆಟ್ಟದ ಎತ್ತರಕ್ಕೆಂದು ಒಂದಷ್ಟು ರಿಯಾಯಿತಿ ಕೊಟ್ಟರೂ ಅಂತರ ತುಂಬುವುದಿಲ್ಲ. ಮೊಬೈಲಿನ ಆ್ಯಪ್ ತೋರಿಸುವ ಚಿತ್ರಗಳನ್ನಂತೂ ನಂಬಬೇಡಿ. ಜಾಗತಿಕ ಮಾದರಿಗಳು ಒಂಬತ್ತು, ಹದಿಮೂರು ಕಿಲೋಮೀಟರಿನ ಚೌಕಗಳಲ್ಲಿ ಲೆಕ್ಕ ಹಾಕುತ್ತವೆ. ದೊಡ್ಡಬೆಟ್ಟ, ಊಟಿ ಪೇಟೆ, ತಲೈಕುಂದದ ತಗ್ಗು ಎಲ್ಲವೂ ಅಂಥ ಒಂದೆರಡು ಚೌಕದೊಳಗೆ ಸರಾಸರಿಯಾಗಿ ಕರಗಿಹೋಗುತ್ತವೆ.

ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲಿ ಆಲಿಕಲ್ಲು ಬಿದ್ದು ನೆಲ ಬೆಳ್ಳಗಾಗುವುದೂ ಉಂಟು. ಅದು ಬೇಸಗೆಯ ಸೆಕೆ ಎಬ್ಬಿಸಿದ ಮೋಡದ ಕೆಲಸ, ಚಳಿಗೂ ಅದಕ್ಕೂ ಸಂಬಂಧವಿಲ್ಲ.

ಹಿಮ ಬಾರದಿದ್ದರೂ ಫ್ರಾಸ್ಟ್‌ನ ಮುನ್ಸೂಚನೆ ಬಹಳ ಬೆಲೆಬಾಳುವ ವಿದ್ಯೆ. ನಮ್ಮ ಆಸಕ್ತರ ಉತ್ಸಾಹ ಅಲ್ಲಿಗೆ ತಿರುಗಲಿ ಎಂಬುದು ನನ್ನ ಮನಸ್ಸಿನ ಆಸೆ. ಚೆನ್ನೈನ ಪ್ರಾದೇಶಿಕ ಹವಾಮಾನ ಕೇಂದ್ರ ನೀಲಗಿರಿಯ ಕೆಲವು ಕಡೆ ಫ್ರಾಸ್ಟ್ ಬೀಳಬಹುದು ಎಂದು ಎಚ್ಚರಿಸುತ್ತದೆ. ಆದರೆ ಯಾವ ಕಣಿವೆ, ಯಾವ ತೋಟ ಎಂದು ಹೇಳುವವರು ಅಲ್ಲೇ ಇರುವವರಾಗಿರಬೇಕು. ಲೆಕ್ಕ ಸರಳ. ಸಂಜೆ ಇಬ್ಬನಿ ಬಿಂದು ಎಷ್ಟಿದೆ ನೋಡಿ, ಅಂದರೆ ಗಾಳಿ ಯಾವ ಉಷ್ಣಾಂಶಕ್ಕೆ ಇಳಿದರೆ ನೀರಾವಿ ಹನಿಗಟ್ಟುತ್ತದೆ ಎಂಬ ಅಂಕಿ. ಅದು 8 ಡಿಗ್ರಿ ಇದ್ದರೆ ರಾತ್ರಿ ಅಲ್ಲಿಗೆ ಬಂದಾಗ ಇಬ್ಬನಿ ಕಟ್ಟತೊಡಗುತ್ತದೆ. ಹನಿಗಟ್ಟುವಾಗ ಹೊರಬೀಳುವ ಶಾಖ ಮುಂದಿನ ಇಳಿತವನ್ನು ತಡೆಯುತ್ತದೆ. ಇಬ್ಬನಿ ಬಿಂದು ಎರಡು ಮೂರು ಡಿಗ್ರಿಗೆ ಇಳಿದಿದ್ದು, ಗಾಳಿ ನಿಂತಿದ್ದು, ನಕ್ಷತ್ರಗಳು ಅಂಚಿನವರೆಗೂ ಕಾಣುತ್ತಿದ್ದರೆ ತಗ್ಗಿನ ತೋಟದವರಿಗೆ ಫೋನ್ ಮಾಡುವುದು ಒಳ್ಳೆಯದು. ಒಂದು ಥರ್ಮಾಮೀಟರನ್ನು ಎದೆಯೆತ್ತರಕ್ಕೆ ನೆರಳಿನ ಪೆಟ್ಟಿಗೆಯಲ್ಲಿ, ಇನ್ನೊಂದನ್ನು ಹುಲ್ಲಿನ ತುದಿಗೆ ತಾಗುವಂತೆ ಇಟ್ಟು ಒಂದು ಚಳಿಗಾಲ ಬರೆದಿಟ್ಟುಕೊಂಡರೆ ನಿಮ್ಮ ಜಾಗದಲ್ಲಿ ಎರಡರ ವ್ಯತ್ಯಾಸ ಎಷ್ಟು ಎಂದು ಗೊತ್ತಾಗುತ್ತದೆ. ಯಾವ ಆ್ಯಪ್ ಕೂಡ ಕೊಡಲಾರದ ಅಂಕಿ ಅದು.

ಆ ಫೋನಿನ ಬೆಲೆ ಕ್ಯಾರೆಟ್, ಆಲೂಗೆಡ್ಡೆ, ಬೀಟ್‌ರೂಟ್ ಹಾಕಿದವರಿಗೆ ಗೊತ್ತು. ಹೊತ್ತಿಗೆ ತಿಳಿದರೆ ಅವರು ಬೆಳಗಿನ ಜಾವದಲ್ಲೇ ತುಂತುರು ನೀರಾವರಿ ಹಚ್ಚುತ್ತಾರೆ. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ 80 ಕ್ಯಾಲೊರಿ ಶಾಖ ಬಿಡುತ್ತದೆ, ಆ ಶಾಖ ಎಲೆಯನ್ನು ಸೊನ್ನೆಯಿಂದ ಕೆಳಗಿಳಿಯದಂತೆ ಹಿಡಿಯುತ್ತದೆ. ನಡುವೆ ನಿಲ್ಲಿಸಿದರೆ ಒದ್ದೆ ಎಲೆ ಇನ್ನಷ್ಟು ತಣ್ಣಗಾಗಿ ಕೆಡುಕು ಹೆಚ್ಚುತ್ತದೆ, ಬಿಸಿಲು ಬರುವವರೆಗೂ ಬಿಡಬೇಕು. ಚಹಾ ಗಿಡಕ್ಕೆ ಅಷ್ಟು ನೀರು ಒದಗಿಸುವುದು ಕಷ್ಟ. ಎಳೆಯ ಗಿಡಗಳಿಗೆ ಒಣಹುಲ್ಲು, ಜರಿಗಿಡಗಳನ್ನು ಹೊದಿಸುತ್ತಾರೆ, ಹೊದಿಕೆಯಿಲ್ಲದ ಚಿಗುರು ಬಿಸಿಲೇರಿದ ಮೇಲೆ ಸುಟ್ಟಂತೆ ಕೆಂಪಗಾಗುತ್ತದೆ. ಹುಲ್ಲುಹಾಸಿನ ಮೇಲೆ ಫೋಟೊಗಾಗಿ ಓಡಾಡುವವರೂ ಇದನ್ನು ತಿಳಿದಿರಬೇಕು. ಹೆಪ್ಪುಗಟ್ಟಿದ ಹುಲ್ಲು ತುಳಿತಕ್ಕೆ ಮುರಿಯುತ್ತದೆ, ಹೆಜ್ಜೆಯ ಕಂದು ಗುರುತು ವಾರಗಟ್ಟಲೆ ಉಳಿಯುತ್ತದೆ.

ಮೈಸೂರು, ಗುಂಡ್ಲುಪೇಟೆ ಕಡೆಯಿಂದ ಫ್ರಾಸ್ಟ್ ನೋಡಲೆಂದೇ ಬರುವವರಿಗೆ ಒಂದು ಮಾತು. ಬಿಸಿಲು ಬಿದ್ದು ಒಂದೆರಡು ತಾಸಿನಲ್ಲಿ ಎಲ್ಲ ಕರಗಿರುತ್ತದೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದರಿಂದ ನಸುಕಿನಲ್ಲಿ ಹೊರಟು ತಲುಪುವುದು ಆಗದ ಕೆಲಸ. ನೀಲಗಿರಿಗೆ ಬರುವ ವಾಹನಗಳಿಗೆ ಬೇಕಾದ ಇ-ಪಾಸ್ ಮಾಡಿಸಿಕೊಂಡು ಹಿಂದಿನ ದಿನವೇ ಬೆಟ್ಟ ಹತ್ತಿ, ಆಕಾಶ ತಿಳಿಯಾಗಿದೆಯೇ ಎಂದು ಮಲಗುವ ಮುಂಚೆ ಒಮ್ಮೆ ನೋಡಿ, ಆರು ಗಂಟೆಗೆಲ್ಲ ತಲೈಕುಂದದ ತಗ್ಗಿನಲ್ಲಿರಬೇಕು.